ಮೂರು ದಿನದ ಉಪವಾಸ

"ನಾನು ಸತ್ತ ಮೇಲೆ ನಿನ್ನ ಸಹಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕ್ಕೋ" ಎಂದು ಮಗನಿಗೆ ಹೇಳಿ ಅತ್ತೆ ಊಟದ ತಟ್ಟೆಯನ್ನು ಮೇಜಿನ ನಡುವಿಗೆ ತಳ್ಳಿದರು. ತಟ್ಟೆ ಜಾರಿಕೊಂಡು ಹೋಗಿ ನೀರಿನ ಜಗ್ಗಿಗೆ ಬಡಿಯಿತು. ಜಗ್ಗು ಉರುಳುವ ಮೊದಲೇ ಸೊಸೆ ಅದನ್ನು ಹಿಡಿದುಕೊಂಡಿದ್ದಳು. ಹದಿನಾಲ್ಕು ವರ್ಷದ ಸಂಸಾರ ಅವಳಿಗೆ ಅಷ್ಟನ್ನಾದರೂ ಕಲಿಸಿತ್ತು.

ಎದುರಿಗೆ ಕೂತಿದ್ದ ಗಂಡ ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ತಾಯಿಯ ಮುಖ ನೋಡುತ್ತಿದ್ದ. ನಲವತ್ತೆರಡು ವರ್ಷದ ಗಂಡಸು, ವಾಹನ ತಪಾಸಣೆ ಕಚೇರಿಯ ಅಧಿಕಾರಿ. ಲಾರಿ ಮಾಲೀಕರು, ಬಸ್ಸಿನ ಒಡೆಯರು ಎಲ್ಲರೂ ಅವನ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು. ತಪಾಸಣೆಯ ಗುಂಡಿಯೊಳಗೆ ಇಳಿದು, ಟಾರ್ಚು ಹಿಡಿದು, ಗಾಡಿಯ ಹೊಟ್ಟೆಯನ್ನೆಲ್ಲ ತಡಕಿ ನೋಡಿದ ಮೇಲೆಯೇ ಅವನು ಫಿಟ್ನೆಸ್ ಪತ್ರಕ್ಕೆ ಸಹಿ ಹಾಕುತ್ತಿದ್ದ. ಇಲ್ಲದಿದ್ದರೆ ಯಾರ ಶಿಫಾರಸಿಗೂ ಬಗ್ಗುತ್ತಿರಲಿಲ್ಲ. ಅಂಥವನು ಮನೆಗೆ ಬಂದು ಚಪ್ಪಲಿ ಬಿಟ್ಟನೆಂದರೆ ಬೆನ್ನುಮೂಳೆಯನ್ನೂ ಅದರ ಪಕ್ಕದಲ್ಲೇ ಬಿಟ್ಟು ಒಳಗೆ ಬರುತ್ತಿದ್ದ. ತಾಯಿ ಹಾಗೆ ಆಳಿಕೊಂಡು ಬಂದಿದ್ದರು. ಮೊಮ್ಮಗಳನ್ನು ಹಾಸ್ಟೆಲಿಗೆ ಸೇರಿಸುತ್ತೇವೆಂದಾಗ ಬಿ.ಪಿ. ಮಾತ್ರೆ ನುಂಗುವುದನ್ನು ಬಿಟ್ಟರು; ಅವಳು ಹೋಗುವುದು ಒಂದು ವರ್ಷ ತಡವಾಯಿತು. ಪುಟ್ಟನಿಗೆ ಮೇಲಿನ ಮಹಡಿ ಕೊಡುವುದಿಲ್ಲವೆಂದಾಗ ಚಳಿಯಲ್ಲಿ ಬಾಲ್ಕನಿಯಲ್ಲಿ ಕೂತರು. ಕೊನೆಗೆ ಪರದೆ ಯಾವ ಬಣ್ಣದ್ದು ತರಬೇಕು ಎನ್ನುವಲ್ಲಿಯೂ ಒಂದು ಪ್ರಾಣ ಪಣಕ್ಕೆ ಬಿದ್ದಿತ್ತು.

ಪುಟ್ಟ ಎಂದರೆ ಮೈದುನ. ವಯಸ್ಸು ಮೂವತ್ತನಾಲ್ಕಾದರೂ ತಾಯಿಯ ಬಾಯಲ್ಲಿ ಪುಟ್ಟನೇ. ಇಲ್ಲಿಯವರೆಗೆ ಮೂರು ವ್ಯಾಪಾರ ಮಾಡಿ ಮೂರನ್ನೂ ಮುಳುಗಿಸಿದ್ದ. ಈಗ ಶಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನು ಇಟ್ಟಿದ್ದ, ಅದೂ ಹಳೆಯದು. ಆ ವ್ಯಾನು ಅಣ್ಣನ ಕಚೇರಿಗೆ ತಪಾಸಣೆಗೆ ಬಂದಾಗ ಹಿಂದಿನ ಚಕ್ರದ ಹತ್ತಿರ ಬ್ರೇಕಿನ ಎಣ್ಣೆ ಸೋರುತ್ತಿತ್ತು. ಪೈಪು ಬದಲಾಯಿಸಿಕೊಂಡು ಬಾ ಎಂದು ಅಣ್ಣ ವಾಪಸು ಕಳಿಸಿದ. ಬೇಕಾದ ಭಾಗ ಬರಲು ಹತ್ತು ದಿನ. ಹತ್ತು ದಿನ ವ್ಯಾನು ನಿಂತರೆ ಶಾಲೆಯವರು ಬೇರೆಯವರನ್ನು ಗೊತ್ತುಮಾಡಿಕೊಳ್ಳುತ್ತಾರೆ ಎಂದು ಪುಟ್ಟ ತಾಯಿಯ ಮಂಚದ ಅಂಚಿಗೆ ಕೂತು ಅತ್ತ. ತಾಯಿ ಎದ್ದು ಬಂದವರೇ ತಟ್ಟೆ ತಳ್ಳಿದರು.

ಅಣ್ಣ ಮೊದಲ ದಿನ ಗಟ್ಟಿಯಾಗಿಯೇ ಇದ್ದ. ಅದು ಮಕ್ಕಳು ಕೂರುವ ಗಾಡಿ, ಹಾಗೆಲ್ಲ ಸಹಿ ಹಾಕಲು ಆಗುವುದಿಲ್ಲ ಎಂದು ಸಮಾಧಾನವಾಗಿಯೇ ತಿಳಿಸಿ ಹೇಳಿದ. ತಾಯಿ ಗೋಡೆಯ ಕಡೆ ತಿರುಗಿ ಮಲಗಿದರು. ಎರಡನೆಯ ದಿನ ಆಫೀಸಿನಿಂದ ನಾಲ್ಕು ಸಲ ಫೋನ್ ಮಾಡಿ ಅಮ್ಮ ಏನಾದರೂ ತಿಂದಳೇ ಎಂದು ಕೇಳಿದ. ಸಂಜೆ ಬಂದು ಹಾಸಿಗೆಯ ಪಕ್ಕ ಕೂತು, ಸೇಬು ಹೆಚ್ಚಿ, ಒಂದೊಂದೇ ಹೋಳನ್ನು ತುಟಿಯ ಹತ್ತಿರ ಹಿಡಿದ. ಅತ್ತೆ ಬಾಯಿ ತೆರೆಯಲಿಲ್ಲ. ಹೋಳುಗಳು ಕಪ್ಪಾದವು.

ಅತ್ತೆಯ ಹೊಟ್ಟೆ ತುಂಬಿತ್ತು. ಅದು ಸೊಸೆಗೆ ಮಾತ್ರ ಗೊತ್ತಿತ್ತು.

ಅವಳು ದೊಡ್ಡ ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಬೆಳಗಿನ ಆರು ಗಂಟೆಗೆ ಹೋಗಿ ಮಧ್ಯಾಹ್ನ ಒಂದಕ್ಕೆ ಮನೆ ಸೇರುತ್ತಿದ್ದಳು. ಗಂಡ ಬರುವುದು ಆರಕ್ಕೆ. ನಡುವಿನ ಐದು ಗಂಟೆ ಮನೆಯಲ್ಲಿ ಅತ್ತೆ ಮತ್ತು ಸೊಸೆ ಇಬ್ಬರೇ. ಮೊದಲ ದಿನವೇ, ಅವಳು ಬ್ಯಾಗು ಕೆಳಗಿಡುವುದಕ್ಕಿಲ್ಲ, ಅತ್ತೆ ಎದ್ದು ಕೂತು, ತಲೆ ಸುತ್ತುತ್ತಿದೆ, ಹಾಲಿನಲ್ಲಿ ಎರಡು ತುಂಡು ಬ್ರೆಡ್ಡು ನೆನೆಸಿ ಕೊಡು ಎಂದರು. ಎರಡು ನಾಲ್ಕಾಯಿತು. ಮೇಲೊಂದು ಬಾಳೆಹಣ್ಣು. ಹಣ್ಣಿನ ಸಿಪ್ಪೆಯನ್ನು ಕಾಗದದಲ್ಲಿ ಸುತ್ತಿ ಬೀದಿಯ ತೊಟ್ಟಿಗೆ ಹಾಕಿ ಬಾ, ಮನೆಯ ಬುಟ್ಟಿಗೆ ಬೇಡ ಎಂದೂ ಹೇಳಿದರು. ಆಮೇಲೆ ಬಾಯಿ ಒರೆಸಿಕೊಂಡು ಅವಳ ಕೈ ಹಿಡಿದರು.

"ಅವನಿಗೇನಾದ್ರೂ ಹೇಳಿದ್ಯೋ, ನಾಳೆಯಿಂದ ನಿಜವಾಗ್ಲೂ ಬಿಟ್ಟುಬಿಡ್ತೀನಿ. ಆಗ ನನ್ನ ಸಾವು ನಿನ್ನ ತಲೆ ಮೇಲೆ."

ನಗಬೇಕೋ ಅಳಬೇಕೋ ತಿಳಿಯದೆ ಅವಳು ಕಾಗದದ ಪೊಟ್ಟಣ ಹಿಡಿದುಕೊಂಡು ಬೀದಿಗೆ ನಡೆದಳು. ಹೇಳಿಬಿಡೋಣ ಎಂದು ಒಮ್ಮೆ ಅನ್ನಿಸಿತು. ಹೇಳಿದರೆ ಮನೆಯಲ್ಲಿ ಹೊತ್ತಿಕೊಳ್ಳುವ ಬೆಂಕಿಯನ್ನು ನೆನೆದು ಸುಸ್ತಾಯಿತು. ಅತ್ತೆ ಅಳುತ್ತಾರೆ, ಸೊಸೆ ಚಾಡಿ ಹೇಳಿದಳೆನ್ನುತ್ತಾರೆ, ಪುಟ್ಟ ಮಹಡಿಯಿಂದ ಇಳಿದು ಬರುತ್ತಾನೆ, ಗಂಡ ನಡುವೆ ನಿಂತು ಇಬ್ಬರಿಗೂ ಸಮಾಧಾನ ಹೇಳುತ್ತಾನೆ, ಕೊನೆಗೆ ಕ್ಷಮೆ ಕೇಳುವವಳು ತಾನೇ. ಎಷ್ಟು ಸಲ ಕೇಳಿಲ್ಲ... ತಾಯಿ ಮಗ ಏನಾದರೂ ಮಾಡಿಕೊಳ್ಳಲಿ, ಹೇಗೂ ಇವರು ಸಹಿ ಹಾಕುವವರಲ್ಲ ಎಂದುಕೊಂಡು ಪೊಟ್ಟಣವನ್ನು ತೊಟ್ಟಿಗೆ ಎಸೆದಳು.

ಮೂರನೆಯ ದಿನ ಅವಳಿಗೆ ರಜೆ. ಬೆಳಿಗ್ಗೆ ಗಂಡ ಬಾಗಿಲ ಬಳಿ ಕೂತು ಶೂ ಲೇಸು ಕಟ್ಟುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿ, ತಲೆಯೆತ್ತದೆ ಕೇಳಿದ.

"ಅಮ್ಮ ನಿಜವಾಗ್ಲೂ ಏನೂ ತಿಂದಿಲ್ವಾ? ನೀನು ಮಧ್ಯಾಹ್ನ ಮನೇಲಿರ್ತೀಯಲ್ಲ."

ಆ ಹೊತ್ತಿಗೆ ಅವಳು ಒಲೆಯ ಮೇಲೆ ಉಕ್ಕಿದ ಹಾಲನ್ನು ಒರೆಸುತ್ತಿದ್ದಳು. ಅತ್ತೆ ಕೋಣೆಯಿಂದ ನರಳುತ್ತಿದ್ದರು. ಮೇಲಿನ ಮಹಡಿಯಿಂದ ಪುಟ್ಟನ ಟಿ.ವಿ. ಕೂಗುತ್ತಿತ್ತು. ಇಡೀ ಮನೆಯ ಮೇಲೆ ಅವಳಿಗೆ ಎಂಥ ಬೇಸರ ಬಂದಿತ್ತೆಂದರೆ ಹೌದು, ಇಲ್ಲ ಎಂಬ ಎರಡು ಪದಗಳಲ್ಲಿ ಒಂದನ್ನೂ ಬಾಯಿಂದ ತೆಗೆಯುವ ಮನಸ್ಸಾಗಲಿಲ್ಲ.

"ನಿಮ್ಮಮ್ಮನ್ನೇ ಕೇಳಿ" ಎಂದಳು.

ಅವನು ಕೇಳಲಿಲ್ಲ. ಲೇಸು ಕಟ್ಟಿ ಮುಗಿಸಿ ಕಚೇರಿಗೆ ಹೋದ. ಹನ್ನೊಂದು ಗಂಟೆಗೆ ಫೋನ್ ಬಂತು: ಸಹಿ ಹಾಕಿದ್ದೇನೆ, ಅಮ್ಮನಿಗೆ ಊಟ ಹಾಕು. ಅತ್ತೆ ಎದ್ದು ಮುಖ ತೊಳೆದು, ಅನ್ನ ಬಿಸಿ ಇದೆಯೇ ಎಂದು ಕೇಳಿದರು.

*

ಅದಾಗಿ ಇಪ್ಪತ್ತನೆಯ ದಿನ. ಲ್ಯಾಬಿನ ಕಿಟಕಿಯಲ್ಲಿ ತುರ್ತು ವಿಭಾಗದಿಂದ ಒಂದು ತಟ್ಟೆ ತುಂಬ ಟ್ಯೂಬುಗಳು ಬಂದವು. ಎಲ್ಲದಕ್ಕೂ ರಕ್ತದ ಗುಂಪು ನೋಡಬೇಕು, ಬೇಗ ಬೇಗ ಎಂದರು. ಅವಳು ಲೇಬಲ್ಲುಗಳನ್ನು ಓದುತ್ತಾ ಯಂತ್ರಕ್ಕೆ ಜೋಡಿಸತೊಡಗಿದಳು. ಒಂಬತ್ತು ವರ್ಷ, ಆರು ವರ್ಷ, ಎಂಟು ವರ್ಷ. ಹೆಣ್ಣು, ಏಳು ವರ್ಷ, ತೊಡೆಮೂಳೆ ಮುರಿತ. ಹನ್ನೊಂದರಲ್ಲಿ ಹತ್ತು ಟ್ಯೂಬುಗಳ ಮೇಲಿನ ವಯಸ್ಸು ಹತ್ತಕ್ಕಿಂತ ಕಡಿಮೆ. ಹನ್ನೊಂದನೆಯದು ಗಂಡಸು, ಅರವತ್ಮೂರು, ಪಕ್ಕೆಲುಬು. ಏನಾಯಿತು ಎಂದು ತಟ್ಟೆ ತಂದವಳನ್ನು ಕೇಳಿದಳು. ಮಾರ್ಕೆಟ್ಟಿನ ಇಳಿಜಾರಿನಲ್ಲಿ ಶಾಲೆಯ ವ್ಯಾನಿಗೆ ಬ್ರೇಕು ಹಿಡಿಯಲಿಲ್ಲವಂತೆ ಎಂದಳು ಆಕೆ.

ಅವಳು ಹನ್ನೊಂದನ್ನೂ ಪರೀಕ್ಷಿಸಿದಳು, ಎರಡೆರಡು ಸಲ. ವರದಿಗಳನ್ನು ಕಳಿಸಿದ ಮೇಲೆ ಹಿಂದಿನ ಕೋಣೆಗೆ ಹೋಗಿ ಸಿಂಕಿನ ಅಂಚು ಹಿಡಿದು ನಿಂತುಬಿಟ್ಟಳು... ನಾಲ್ಕು ತುಂಡು ಬ್ರೆಡ್ಡು, ಒಂದು ಬಾಳೆಹಣ್ಣು. ಅದನ್ನು ಬಾಯಿಬಿಟ್ಟು ಹೇಳಲು ಎಷ್ಟು ಹೊತ್ತು ಬೇಕಾಗುತ್ತಿತ್ತು?

ಮಕ್ಕಳೆಲ್ಲ ಬದುಕಿಕೊಂಡರು. ಏಳು ವರ್ಷದ ಹುಡುಗಿಗೆ ಎರಡು ಶಸ್ತ್ರಚಿಕಿತ್ಸೆಯಾಯಿತು; ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿಯೇ ಉಳಿಯುತ್ತದೆಂದು ವೈದ್ಯರು ಹೇಳಿದರು. ವಾರ ಕಳೆಯುವುದರೊಳಗೆ ಗಂಡನನ್ನು ಕೆಲಸದಿಂದ ಅಮಾನತು ಮಾಡಿದರು, ಅಣ್ಣ ತಮ್ಮ ಇಬ್ಬರ ಮೇಲೂ ಮೊಕದ್ದಮೆ ಬಿತ್ತು. ಅತ್ತೆ ಎದೆ ಹಿಡಿದುಕೊಂಡು, ಪಾಪದ ಪುಟ್ಟನಿಗೆ ಯಾರದೋ ಕೆಟ್ಟ ದೃಷ್ಟಿ ತಗುಲಿದೆ ಎಂದರು. ದೊಡ್ಡ ಮಗನ ಹೆಸರನ್ನು ಅವರು ಆ ಮಾತಿಗೆ ಸೇರಿಸಿದ್ದು ಮರುದಿನ, ಅದೂ ಸೊಸೆ ನೆನಪಿಸಿದ ಮೇಲೆ.

ವ್ಯಾನು ಓಡಿಸುತ್ತಿದ್ದವರನ್ನು ಮಕ್ಕಳು ವ್ಯಾನ್ ತಾತ ಎನ್ನುತ್ತಿದ್ದರು. ಒಂದು ಬೆಳಿಗ್ಗೆ ವಾರ್ಡಿಗೆ ಹೋಗಿ ಅವರ ರಕ್ತ ತೆಗೆಯುವ ಕೆಲಸ ಅವಳ ಪಾಲಿಗೆ ಬಂತು. ತಾನು ಯಾರೆಂದು ಹೇಳುವ ಧೈರ್ಯವಾಗದೆ ಸುಮ್ಮನೆ ತೋಳಿಗೆ ಪಟ್ಟಿ ಬಿಗಿದಳು. ಮಾತಿಗೆ ಜನ ಸಿಕ್ಕಿದ್ದೇ ಸಾಕೆಂದು ತಾತ ತಾವಾಗಿಯೇ ಹೇಳತೊಡಗಿದರು. ಬ್ರೇಕು ಒಳಗೆ ಹೋಗಿ ಹಾಗೇ ಕೂತುಬಿಟ್ಟಿತು. ಎಡಗಡೆ ಬಸ್‌ಸ್ಟಾಪು, ತುಂಬ ಜನ. ಬಲಗಡೆ ಯಾರದೋ ಹೊಸ ಅಂಗಡಿಯ ಗೋಡೆ.

"ಯೋಚನೆ ಮಾಡೋಕೆ ಎಲ್ಲಿತ್ತಮ್ಮಾ ಟೈಮು? ಗೋಡೆಗೇ ಹೊಡೆದೆ. ಪಾಪ, ಅಂಗಡಿಯವರು ನನ್ನ ಮೇಲೆ ಕೇಸು ಹಾಕ್ಲಿಲ್ಲ" ಎಂದರು. "ಎಣ್ಣೆ ಸೋರ್ತಿದೆ ಅಂತ ಓನರ್‌ಗೆ ಎರಡು ಸಲ ಹೇಳಿದ್ದೆ. ಫಿಟ್ನೆಸ್ ಆಗಿದೆ ತಾತ, ದೊಡ್ಡ ಸಾಹೇಬ್ರೇ ನೋಡಿ ಸಹಿ ಹಾಕಿದ್ದಾರೆ, ಪೈಪು ಬದಲಾಯಿಸೋಕೆ ಈಗೇನು ಅವಸರ ಅಂದ. ನನಗೂ ಧೈರ್ಯ ಬಂತು."

ಇಷ್ಟು ವರ್ಷದ ಕೆಲಸದಲ್ಲಿ ಅವಳ ಸೂಜಿ ನರ ತಪ್ಪಿದ್ದು ಕಡಿಮೆ. ಅವತ್ತು ಎರಡು ಸಲ ತಪ್ಪಿತು. ಪರವಾಗಿಲ್ಲ ಬಿಡಮ್ಮಾ ಎಂದು ಅವರೇ ಅವಳಿಗೆ ಸಮಾಧಾನ ಹೇಳಿದರು.

*

ಪುಟ್ಟನ ವಿಚಾರಣೆ ಮೊದಲು ಬಂತು. ಅವನ ವಕೀಲ, ಅನಿವಾರ್ಯತೆ ಎಂಬ ವಾದ ಹೂಡಿದ. ವ್ಯಾನು ಹೋಗದಿದ್ದರೆ ಮಕ್ಕಳ ಓದು ನಿಲ್ಲುತ್ತಿತ್ತು, ಬೇರೆ ದಾರಿಯೇ ಇರಲಿಲ್ಲ ಎಂದ. ನ್ಯಾಯಾಧೀಶರು ಕನ್ನಡಕ ತೆಗೆದು, ಹತ್ತು ದಿನ ವ್ಯಾನು ಬಾರದಿದ್ದರೆ ಮಕ್ಕಳು ಏನು ಮಾಡುತ್ತಿದ್ದರು ಎಂದು ಪುಟ್ಟನನ್ನೇ ಕೇಳಿದರು. ಪುಟ್ಟ ಬಹಳ ಹೊತ್ತು ಯೋಚಿಸಿ, ನಡೆದುಕೊಂಡು ಹೋಗುತ್ತಿದ್ದರು ಎಂದ. ಅವನ ವಕೀಲ ಕಾಗದಗಳಲ್ಲಿ ಮುಖ ಹುದುಗಿಸಿದ. ಅಲ್ಲಿಗೆ ಆ ವಾದ ಬಿದ್ದುಹೋಯಿತು, ಪುಟ್ಟನಿಗೆ ಎರಡು ವರ್ಷದ ಶಿಕ್ಷೆಯಾಯಿತು.

ಅತ್ತೆಯ ಗಮನವೆಲ್ಲ ಈಗ ದೊಡ್ಡವನ ಕಡೆ ತಿರುಗಿತು. ಇವನಾದರೂ ಹೊರಗುಳಿಯಬೇಕು. ಇಲ್ಲದಿದ್ದರೆ ಪುಟ್ಟನ ಅಪೀಲಿಗೆ ಓಡಾಡುವವರು ಯಾರು?

ದೊಡ್ಡವನ ವಕೀಲೆ ಐವತ್ತು ದಾಟಿದ, ನೇರ ಮಾತಿನ ಹೆಂಗಸು. ಒಂದು ಭಾನುವಾರ ಬೆಳಿಗ್ಗೆ ಅವರೇ ಮನೆಗೆ ಬಂದು ಊಟದ ಮೇಜಿನ ಮೇಲೆ ಕಾಗದ ಹರಡಿದರು. ಬಲವಂತಕ್ಕೆ ಒಳಗಾಗಿ ಮಾಡಿದ ತಪ್ಪನ್ನು ಕಾನೂನು ಕೆಲವು ಸಲ ಮನ್ನಿಸುತ್ತದೆ, ಆದರೆ ಅದಕ್ಕೆ ಅಳತೆ ಇದೆ ಎಂದು ತಿಳಿಸಿದರು. ಕುತ್ತಿಗೆಗೆ ಚಾಕು ಹಿಡಿದಿರಬೇಕು. ಈಗಲೇ, ಇಲ್ಲೇ ಪ್ರಾಣ ಹೋಗುತ್ತದೆಂಬ ಭಯವಿರಬೇಕು. ತಪ್ಪಿಸಿಕೊಳ್ಳಲು, ಇನ್ನೊಬ್ಬರಿಗೆ ಹೇಳಲು ಸಂದಿಯೇ ಇರಬಾರದು. ತಾಯಿ ಊಟ ಬಿಟ್ಟದ್ದು ಆ ಅಳತೆಗೆ ಸಿಗುವುದು ಕಷ್ಟ.

ಅತ್ತೆಗೆ ಅವಮಾನವಾಯಿತು. "ಅಂದ್ರೆ ನಾನು ಸಾಯ್ತೀನಿ ಅಂದಿದ್ದು ಬೆದರಿಕೆ ಲೆಕ್ಕಕ್ಕೇ ಇಲ್ವಾ?" ಎಂದು, ಜೀವಮಾನದ ದುಡಿಮೆಯನ್ನು ಯಾರೋ ತಳ್ಳಿಹಾಕಿದಂತೆ ಕೇಳಿದರು.

ಪೂರ್ತಿ ಬಿಡುಗಡೆ ಸಿಗದಿದ್ದರೂ ಶಿಕ್ಷೆ ಕಡಿಮೆಯಾದೀತು, ಬಹುಶಃ ಜೈಲೇ ತಪ್ಪೀತು ಎಂದರು ವಕೀಲೆ. ಆದರೆ ವಯಸ್ಸಾದ ತಾಯಿ ನಿಜಕ್ಕೂ ಸಾಯುವ ಸ್ಥಿತಿಯಲ್ಲಿದ್ದರು ಎಂಬುದಕ್ಕೆ ಸಾಕ್ಷಿ ಬೇಕು. ಮನೆಯಲ್ಲಿದ್ದವರು ಸೊಸೆ ಒಬ್ಬರೇ. ಹೇಳಿಕೆಯನ್ನು ಬರೆದು ತಂದಿದ್ದರು: ನನ್ನ ಅತ್ತೆಯವರು ಆ ಮೂರು ದಿನ ನೀರು ಬಿಟ್ಟು ಬೇರೇನನ್ನೂ ಸೇವಿಸಲಿಲ್ಲ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇದು ನಿಜ ತಾನೇ, ಸುಳ್ಳಾದರೆ ನನಗೆ ಬೇಡ ಎಂದು ವಕೀಲೆ ಅವಳ ಮುಖ ನೋಡಿದರು.

ಅವಳು ಬಾಯಿ ತೆರೆಯುವ ಮೊದಲೇ ಅತ್ತೆ ಪೆನ್ನನ್ನು ಅವಳ ಕಡೆ ಸರಿಸಿದರು.

"ಹಾಕಮ್ಮಾ ಸಹಿ. ನಿನ್ನ ಗಂಡ ಮನೇಲಿರ್ಬೇಕೋ ಬೇಡ್ವೋ? ಅವನೇನಾದ್ರೂ ಒಳಗೆ ಹೋದ್ರೆ ನಾನಂತೂ ಉಳಿಯಲ್ಲ, ನೋಡ್ಕೋ."

ಅವಳು ಪೆನ್ನು ಹಿಡಿದಳು. ಗಂಡ ಕಿಟಕಿಯ ಹತ್ತಿರ ನಿಂತಿದ್ದ. ಈ ನಾಲ್ಕು ತಿಂಗಳಲ್ಲಿ ಅವನ ಅಂಗಿಗಳೆಲ್ಲ ಸಡಿಲವಾಗಿದ್ದವು. ಒಂದು ಸಹಿ ಹಾಕಿದರೆ ಆ ಮನುಷ್ಯ ಮನೆಯಲ್ಲಿ ಉಳಿಯುತ್ತಾನೆ. ಹಾಕದಿದ್ದರೆ ಅವನನ್ನು ಕೈಯಾರೆ ಒಳಗೆ ಕಳಿಸಿದ ಹಾಗೆ. ಅವನೂ ಅವತ್ತು ಹೀಗೆಯೇ ಪೆನ್ನು ಹಿಡಿದು ಕೂತಿದ್ದಿರಬೇಕು ಎಂದುಕೊಂಡಳು. ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು.

"ಅತ್ತೆ ತಿಂದಿದ್ರು" ಎಂದಳು. "ದಿನಾ ಮಧ್ಯಾಹ್ನ. ಹಾಲು, ಬ್ರೆಡ್ಡು, ಬಾಳೆಹಣ್ಣು. ನಾನೇ ಕೊಟ್ಟೆ."

ವಕೀಲೆ ಆ ಹಾಳೆಯನ್ನು ಎತ್ತಿ ಎರಡಾಗಿ ಹರಿದು ಚೀಲಕ್ಕೆ ಹಾಕಿಕೊಂಡರು. ಹೊರಗೆ ಕಾರಿನಲ್ಲಿ ಕೂತಿರುತ್ತೇನೆ ಎಂದು ಎದ್ದು ಹೋದರು. ಅತ್ತೆ ಸುಳ್ಳು ಎಂದರು. ಮರುಕ್ಷಣ, ಒಂದು ತುತ್ತು ಹಾಕಿದ್ದನ್ನು ಆಡಿ ತೋರಿಸುತ್ತೀಯಾ ಎಂದರು. ಹಾಗೆಂದ ಮೇಲೆ ತಾವೇ ಒಪ್ಪಿಕೊಂಡದ್ದು ತಿಳಿದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಗಂಡ ಕಿಟಕಿ ಬಿಟ್ಟು ಬಂದು ಕುರ್ಚಿಯಲ್ಲಿ ಕೂತ. ತಾಯಿಯನ್ನು ನೋಡಲಿಲ್ಲ.

"ಅವತ್ತು ಬೆಳಿಗ್ಗೆ ನಾನು ನಿನ್ನ ಕೇಳಿದ್ದೆ."

"ಕೇಳಿದ್ರಿ."

"ಒಂದು ಮಾತು ಹೇಳಬಹುದಿತ್ತು ನೀನು."

"ಹೇಳಬಹುದಿತ್ತು" ಎಂದಳು ಅವಳು. ಅತ್ತೆಗೆ ಹೆದರಿದೆ ಎನ್ನಬಹುದಿತ್ತು, ಬೇಸತ್ತಿದ್ದೆ ಎನ್ನಬಹುದಿತ್ತು, ಎರಡೂ ನಿಜವೇ. ಆದರೆ ತಾತನ ತೋಳಿನ ಮೇಲೆ ತಾನು ಎರಡು ಸಲ ತಪ್ಪಿ ಚುಚ್ಚಿದ ಗುರುತು ಕಣ್ಣ ಮುಂದೆ ಬಂದು ಆ ಮಾತುಗಳು ಹೊರಡಲಿಲ್ಲ. ಕಣ್ಣಿಂದ ಮಾತ್ರ ನೀರು ಇಳಿಯಿತು.

ಅಷ್ಟರಲ್ಲಿ ಅತ್ತೆ ಎದ್ದು ನಿಂತಿದ್ದರು. ಇಷ್ಟಾದ ಮೇಲೆ ನಾನು ಬದುಕಿರಬೇಕೇ, ಇವತ್ತಿನಿಂದ ಈ ಮನೆಯ ಒಂದು ಹನಿ ನೀರೂ ಮುಟ್ಟುವುದಿಲ್ಲ ಎಂದು ಆರಂಭಿಸಿದರು. ಮಗ ತಲೆಯೆತ್ತಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

"ಬೇಡ ಬಿಡಮ್ಮಾ. ನೀನು ಊಟ ಮಾಡೋದು, ಬಿಡೋದು ನಿನ್ನಿಷ್ಟ. ನೀನು ಅವತ್ತು ತಿಂದಿದ್ರೂ ಅಷ್ಟೇ, ತಿನ್ನದೇ ಇದ್ರೂ ಅಷ್ಟೇ. ಎಣ್ಣೆ ಸೋರ್ತಿದ್ದಿದ್ದು ನನ್ನ ಕಣ್ಣಿಗೆ ಕಂಡಿತ್ತು. ಆ ತಾತಂಗೆ ಉಸಿರು ಎಳ್ಕೊಳ್ಳೋಷ್ಟು ಟೈಮಿರ್ಲಿಲ್ಲ. ನನಗೆ ಮೂರು ದಿನ ಇತ್ತು. ಡಾಕ್ಟ್ರನ್ನ ಕರೀಬಹುದಿತ್ತು, ರಜ ಹಾಕಬಹುದಿತ್ತು, ಬೇರೆ ಅಧಿಕಾರಿಗೆ ಕಳಿಸಬಹುದಿತ್ತು. ನಿನ್ನ ಮುಖ ನೋಡೋಕಾಗ್ದೆ ಸಹಿ ಹಾಕ್ದೆ. ಅದಕ್ಕೆ ಬಲವಂತ ಅನ್ನೋಕಾಗಲ್ಲ."

ಅವನು ಹೊರಗೆ ಹೋಗಿ ಕಾರಿನ ಕಿಟಕಿಗೆ ಬಗ್ಗಿ ವಕೀಲೆಯೊಡನೆ ಬಹಳ ಹೊತ್ತು ಮಾತನಾಡಿದ. ಒಳಗೆ ಅತ್ತೆ, ಸೊಸೆ ಇಬ್ಬರೂ ಮೇಜಿನ ಎರಡು ತುದಿಯಲ್ಲಿ ಕೂತಿದ್ದರು.

*

ಆಮೇಲಿನ ಹತ್ತು ದಿನ ಅವನು ಹೆಂಡತಿಯ ಜೊತೆ ಬೇಕಾದಷ್ಟೇ ಮಾತನಾಡಿದ. ಗ್ಯಾಸಿನವನು ಬಂದಿದ್ದ, ಮಗಳಿಗೆ ಫೋನ್ ಮಾಡಿ ಹೇಳಿದೆ, ಇಂಥವು. ಅವಳೂ ಹೆಚ್ಚಿಗೆ ಕೇಳಲಿಲ್ಲ. ಒಂದು ಸಂಜೆ ಅವನು ಎಲ್ಲಿಗೋ ಹೋಗಿ ತಡವಾಗಿ ಬಂದ. ಕಾಲು ಮುರಿದ ಆ ಹುಡುಗಿಯ ಮನೆಗೆ ಹೋಗಿದ್ದೆ, ಬಾಗಿಲು ತೆರೆದರು, ಒಳಗೆ ಕರೆಯಲಿಲ್ಲ ಎಂದಷ್ಟೇ ಹೇಳಿ ಅವಳ ಪಕ್ಕದಲ್ಲಿ ಕೂತ. ಅವಳು ಬಟ್ಟೆ ಮಡಿಸುತ್ತಿದ್ದಳು. ಅವನು ಒಂದು ಟವೆಲು ಎತ್ತಿಕೊಂಡು ಮಡಿಸಿದ, ಸೊಟ್ಟಸೊಟ್ಟಗೆ. ಅವಳು ಅದನ್ನು ಬಿಚ್ಚಿ ಮತ್ತೆ ಮಡಿಸಲಿಲ್ಲ.

ನ್ಯಾಯಾಲಯದಲ್ಲಿ ಎಲ್ಲ ಅರ್ಧ ಗಂಟೆಯಲ್ಲಿ ಮುಗಿಯಿತು. ತಪ್ಪೊಪ್ಪಿಗೆಯನ್ನು ಸ್ವೀಕರಿಸುವ ಮೊದಲು ನ್ಯಾಯಾಧೀಶರು ಅವನನ್ನು ನೇರವಾಗಿ ನೋಡಿ, ಹೀಗೆ ಒಪ್ಪಿಕೊಳ್ಳುವಂತೆ ನಿಮ್ಮನ್ನು ಯಾರಾದರೂ ಹೆದರಿಸಿದ್ದಾರೆಯೇ, ಒತ್ತಾಯ ಮಾಡಿದ್ದಾರೆಯೇ ಎಂದು ಕೇಳಿದರು. ಎಲ್ಲರನ್ನೂ ಕೇಳುವ ಪ್ರಶ್ನೆ ಅದು, ವಕೀಲೆ ಮೊದಲೇ ಹೇಳಿಟ್ಟಿದ್ದರು. ಆದರೂ ಅವನು ಒಮ್ಮೆ ಹಿಂದಕ್ಕೆ ತಿರುಗಿ ನೋಡಿದ. ಹಿಂದಿನ ಬೆಂಚಿನಲ್ಲಿ ಅತ್ತೆ ಸೊಸೆಯ ಮಣಿಕಟ್ಟನ್ನು ಉಗುರು ನಾಟುವಂತೆ ಹಿಡಿದಿದ್ದರು.

"ಇಲ್ಲ ಸ್ವಾಮಿ" ಎಂದ ಅವನು. "ಯಾರೂ ಇಲ್ಲ."

ಹದಿನೆಂಟು ತಿಂಗಳು ಎಂದು ನ್ಯಾಯಾಧೀಶರು ಓದಿದರು. ಕೆಲಸವಂತೂ ಹೋಗಿಯೇ ಹೋಯಿತು.

ಒಳಗೆ ಕರೆದೊಯ್ಯುವ ಮೊದಲು ಮೊಗಸಾಲೆಯಲ್ಲಿ ಎರಡು ನಿಮಿಷ ಮಾತನಾಡಲು ಬಿಟ್ಟರು. ತಾಯಿ ಮಗನ ಮುಂದೆ ನಿಂತು ಬಾಯಿ ತೆರೆದರು. ನೀನು ಹೋದರೆ ನಾನು... ಎಂದು ತೊಡಗಿ ಅಲ್ಲಿಗೇ ನಿಂತುಬಿಟ್ಟರು. ಮುಂದಿನ ಮಾತಿಗಾಗಿ ಹುಡುಕುತ್ತಿದ್ದುದು ಅವರ ಮುಖದಲ್ಲಿ ಕಾಣುತ್ತಿತ್ತು. ಕೊನೆಗೆ, "ಅಲ್ಲಿ ಚಳಿ ಇರುತ್ತೇನೋ" ಎಂದರು.

"ಇರಬಹುದಮ್ಮ" ಎಂದ ಅವನು. ಕೈಗಡಿಯಾರ ಬಿಚ್ಚಿ ಹೆಂಡತಿಯ ಅಂಗೈಯಲ್ಲಿಟ್ಟ, ಕೈಯನ್ನು ತಕ್ಷಣ ಬಿಡಲಿಲ್ಲ. "ಭಾನುವಾರ ನೋಡೋಕೆ ಬಿಡ್ತಾರಂತೆ. ಬರ್ತೀಯಾ?"

"ಬರ್ತೀನಿ" ಎಂದಳು.

ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಬಸ್‌ಸ್ಟಾಪಿನವರೆಗೆ ಅತ್ತೆ ಸೊಸೆ ಇಬ್ಬರೂ ನಡೆದರು. ಭಾನುವಾರ ನಾನೂ ಬರುತ್ತೇನೆ, ಒಳಗೆ ತಿನ್ನಲು ಏನು ಬಿಡುತ್ತಾರೆ ಕೇಳಿ ಇಟ್ಟುಕೋ ಎಂದು ಅತ್ತೆ ಒಂದು ಕಡೆ ನಿಂತು ಹೇಳಿದರು. ಸೊಸೆ ಹೂಂ ಎಂದಳು. ಬಸ್ಸು ಬಂತು. ಮೆಟ್ಟಿಲು ಎತ್ತರವಿತ್ತು. ಅತ್ತೆ ಕಂಬಿ ಹಿಡಿದು, ಒಂದು ಕಾಲೆತ್ತಿ, ಎತ್ತಲಾಗದೆ ಇಳಿಸಿ, ತಿರುಗಿ ನೋಡಿದರು. ಯಾವ ಬೆದರಿಕೆಯೂ ಇಲ್ಲದ, ಬರೀ ವಯಸ್ಸಾದ ಒಬ್ಬ ಹೆಂಗಸಿನ ನೋಟ ಅದು. ಅವಳು ಗಡಿಯಾರವನ್ನು ಬ್ಯಾಗಿಗೆ ಹಾಕಿ ಅವರ ಮೊಣಕೈ ಹಿಡಿದು ಮೇಲಕ್ಕೆತ್ತಿದಳು.

"ಹತ್ತಿ ಅತ್ತೆ" ಎಂದಳು ಬೇಸರದಿಂದಲೇ. "ಹಿಂದೆ ಜನ ಕಾಯ್ತಿದ್ದಾರೆ."